ಜೋಡಿ ಕಾರಿನ ಬೀಗರು

ನಮ್ಮ ಬೀಗರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಎಮ್ಮಿಗನೂರಿನ ಗದ್ದೆಯಲ್ಲಿ ಎತ್ತು ತುಳಿದು ಹೋಗಿತ್ತು. ಅದೇ ಬೆರಳಿನಿಂದ ಅವರು ಊರವರೆಲ್ಲ ನಿಂತು ನೋಡುವಂಥ ಕಾರು ಓಡಿಸುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕೂರುವುದು. ಇಳಿದ ಊರಿನಲ್ಲಿ ಚಪ್ಪಲಿ ಇರುತ್ತಿರಲಿಲ್ಲ, ಹತ್ತಿದ ಊರಿನಲ್ಲಿರುತ್ತಿತ್ತು. ಕೇಳಿದರೆ, “ರಸ್ತಿ ಪಾದಕ್ಕ ಗೊತ್ತಾಗಬೇಕ್ರಿ” ಅನ್ನುತ್ತಿದ್ದರು.

ಬೀಗರು ಅಂದರೆ ನನ್ನ ಸೊಸೆಯ ತಂದೆ. ಕಬ್ಬಿಣದ ಅದಿರಿಗೆ ಬೆಲೆ ಬಂದ ಕಾಲದಲ್ಲಿ ಸಂಡೂರಿಗೆ ಹೋಗಿ ಲಾರಿ ಇಟ್ಟರು, ಕೈ ಹತ್ತಿತು. ಆಗ ಕಾರು ತಂದರು, ಒಂದಲ್ಲ ಎರಡು. ಒಂದೇ ಕಂಪನಿ, ಒಂದೇ ಬಣ್ಣ. ಒಂದು ಡೀಸೆಲ್, ಒಂದು ಪೆಟ್ರೋಲ್. ಎತ್ತನ್ನು ಯಾರಾದರೂ ಒಂಟಿಯಾಗಿ ತರುತ್ತಾರೇನು ಅನ್ನುವುದು ಅವರ ಲೆಕ್ಕ. ಜನ ನಕ್ಕರು. ನಾನೂ ನಕ್ಕೆ.

ಒಂದು ಸಲ ಚಿತ್ತವಾಡ್ಗಿಯ ನಮ್ಮ ಮನೆಯಿಂದ ನನ್ನನ್ನು ಡೀಸೆಲ್ ಕಾರಿನಲ್ಲಿ ಸಂಡೂರಿಗೆ ಕರೆದುಕೊಂಡು ಹೋದರು. ಸಂಜೆ ಪೆಟ್ರೋಲ್ ಕಾರಿನಲ್ಲಿ ವಾಪಸು ತಂದು ಬಿಟ್ಟರು. ಬಾಗಿಲಲ್ಲೇ ಕೇಳಿದರು.

“ಖರೇ ಹೇಳ್ರಿ ಬೀಗತೇರ, ಯಾವುದು ಚೊಲೊ?”

“ಡೀಸೆಲ್ಲು ಏರಿನ್ಯಾಗ ಗೂಳಿ ಹಂಗ ಎಳೀತೈತಿ. ಆದ್ರ ಮೂತಿ ಭಾಳ ಭಾರ. ಗುಂಡ್ಯಾಗ ಇಳಿದ್ರ ಧಡ್ ಅಂತೈತಿ, ನನ್ನ ಸೊಂಟಕ್ಕ ಬಡೀತೈತಿ. ತಿರುವಿನ್ಯಾಗ ಹೊಳ್ಳಾಕ ಒಲ್ಲೆ ಅಂತೈತಿ.”

“ಮತ್ತ ಇದು?”

“ಇದು ಏರಿನ್ಯಾಗ ಮೈಗಳ್ಳ. ಆದ್ರ ಮೈ ಹಗುರ. ಗುಂಡಿ ಇಳಿದದ್ದು ಗೊತ್ತಾಗಂಗಿಲ್ಲ.”

ಅವರ ಮುಖ ಊದಿತು. ಡೀಸೆಲ್ ಅವರ ಮುದ್ದಿನದು. ಅವರ ಲಾರಿ ಹತ್ತಿ ಬದುಕುವವರೆಲ್ಲ ಅದನ್ನೇ ಹೊಗಳುತ್ತಿದ್ದರು. “ಸೊಂಟ ನಿಮ್ಮದು ಕೆಟ್ಟೈತಿ, ಗಾಡಿ ಅಲ್ಲ” ಅಂದವರೇ ಚಹಾ ಕೂಡ ಕುಡಿಯದೆ ಹೋದರು.

ಮೊದಲ ಹೆರಿಗೆಗೆ ಸೊಸೆ ಸಂಡೂರಿನ ತವರಿಗೆ ಹೋಗಿದ್ದಳು. ನಾನು ನೋಡಲು ಹೋದಾಗಲೇ ಅವಳಿಗೆ ರಕ್ತ ಹೋಗತೊಡಗಿತು. ಇನ್ನೂ ದಿನ ತುಂಬಿರಲಿಲ್ಲ. ಅಲ್ಲಿಯ ಡಾಕ್ಟರಮ್ಮ, “ಹೊಸಪೇಟೆಗೆ ಒಯ್ರಿ. ಆದ್ರ ಕುಲುಕಬಾರದು, ಕುಲುಕಿದ್ರ ಎರಡು ಜೀವಕ್ಕೂ ಕಷ್ಟ” ಅಂದರು. ಅದಿರು ಲಾರಿಗಳು ಅಗೆದು ಹಾಕಿದ ರಸ್ತೆ ಅದು. ಕುಲುಕದೆ ಹೋಗುವುದು ಹೇಗೆ?

ಅವರ ಮಗ ಡೀಸೆಲ್ ಚಾಲು ಮಾಡಿ ನಿಂತಿದ್ದ. “ಅಪ್ಪಾ, ಇದು ಜಲ್ದಿ ಹೋಗ್ತೈತಿ!”

ಬೀಗರು ಕೈ ಹಾಕಿ ಬೀಗದಕೈ ಕಿತ್ತುಕೊಂಡರು. “ಜಲ್ದಿ ಯಾರಿಗೆ ಬೇಕಲೇ? ಬೀಗತೇರು ಅಂದದ್ದು ಮರ್ತಿಯೇನು? ಪೆಟ್ರೋಲ್ ಗಾಡಿ ತಗಿ.” ಚಪ್ಪಲಿ ಅಂಗಳದಲ್ಲಿ ಬಿಟ್ಟು ತಾವೇ ಕೂತರು.

ಸೊಸೆಯ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ಗುಂಡಿಗೂ ಮುಂಚೆ ಅವರು “ಬಂತು ನೋಡಪ್ಪ, ಸಾವಕಾಶ” ಅನ್ನುತ್ತಿದ್ದರು. ನಮಗಲ್ಲ, ಕಾರಿಗೆ. ಎತ್ತು ಹಳ್ಳ ಇಳಿಯುವಾಗ ಮಾತಾಡಿಸುತ್ತಾರಲ್ಲ, ಹಾಗೆ. ಹಿಂದೆ ಲಾರಿಗಳ ಹಾರನ್ನು. ಒಬ್ಬ ಪಕ್ಕಕ್ಕೆ ಬಂದು ತಲೆ ಹೊರಗೆ ಹಾಕಿ, “ಲೇ ಯಜಮಾನ, ಇಳಿದು ದಬ್ಬಲೇನು?” ಎಂದು ಕೂಗಿದ. ಅದಕ್ಕಿಂತ ಸಣ್ಣ ಮಾತಿಗೆ ಇಳಿದು ಹೊಡೆದಾಡಿದ ಮನುಷ್ಯ ಅವರು. ಅವತ್ತು ಕತ್ತು ತಿರುಗಿಸಲಿಲ್ಲ.

ಆಸ್ಪತ್ರೆಯಲ್ಲಿ ಸೊಸೆಯನ್ನು ಒಳಗೆ ಕರೆದುಕೊಂಡರು. ಕೆಂಪು ಧೂಳಿನ ಬರಿಗಾಲಲ್ಲಿ ಬೀಗರು ನಡುಮನೆಯಲ್ಲಿ ಕೂರುವ ಹಾಗೆ ಅಲ್ಲೇ ನೆಲದ ಮೇಲೆ ಕೂತರು.

“ಕುಲುಕಿತೇನ್ರಿ?”

“ಇಲ್ರಿ.”

“ನಿಮ್ಮ ಬಾಯಾಗ ತಪ್ಪು ಹುಡುಕದ ಮಾತು! ಇದನ್ನ ನಾಕು ಮಂದಿ ಮುಂದ ಹೇಳ್ರಿ ಮತ್ತ.”

ಹೇಳಿದ್ದೇನೆ. ಮೊಮ್ಮಗಳು ಹುಟ್ಟಿದಳು, ಅವಳ ತಾಯಿಯೂ ಉಳಿದಳು. ಈಗ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಸಿಟ್ಟಿಗೆದ್ದು ಎದ್ದು ಹೋದವರು ಎಷ್ಟೋ ಜನರನ್ನು ಕಂಡಿದ್ದೇನೆ. ಸಿಟ್ಟು ತರಿಸಿದ ಮಾತನ್ನೇ ಇಟ್ಟುಕೊಂಡು, ಬೇಕಾದ ಹೊತ್ತಿಗೆ ತೆಗೆದವರು ಅವರೊಬ್ಬರೇ.

ಅದಿರು ತೆಗೆಯುವುದು ನಿಂತ ಮೇಲೆ ಲಾರಿ ಹೋದವು, ಡೀಸೆಲ್ ಕಾರೂ ಹೋಯಿತು. ಜೋಡಿ ಮುರಿಯಿತು ಅಂತ ಅವರು ಅತ್ತದ್ದನ್ನು ನಾನು ಕಾಣೆ. ಹೋದ ವರ್ಷ ಹೊಸಪೇಟೆ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅದೇ ರಸ್ತೆಯಲ್ಲಿ ಅವರನ್ನು ಸಂಡೂರಿಗೆ ಒಯ್ದೆವು. ಮೊಮ್ಮಗಳು ಅಜ್ಜನ ಕಾಲ ಬಳಿ ಕೂತಿದ್ದಳು. ಈಗ ಹೊಸ ಡಾಂಬರು ಹಾಕಿದ್ದಾರೆ, ಗಾಡಿ ಒಂದು ಕಡೆಯೂ ಕುಲುಕಲಿಲ್ಲ.

ಆ ಡಾಂಬರು ಅವತ್ತು ಬೇಕಾಗಿತ್ತು.