ಗಡಿಯಾರಕ್ಕೆ ಕೈ ಹಚ್ಚದ ಹಾಯ್ಟರು

ಮಿಸ್ಸಿಸಿಪ್ಪಿ ನದಿಯ ಪಡುವಣ ದಡದ ನಮ್ಮ ರಾಜ್ಯದ ಶಾಸನಸಭೆಯಲ್ಲಿ ಮಾತಿನ ಮಲ್ಲರಿಗೆ ಎಂದೂ ಬರವಿರಲಿಲ್ಲ; ಆಡಿದ ಮಾತನ್ನು ತಮಗೇ ನಷ್ಟವಾಗುವಾಗಲೂ ನಡೆಸಿದವರನ್ನು ಎಣಿಸಹೊರಟರೆ ಒಂದು ಕೈಯ ಬೆರಳೂ ಹೆಚ್ಚಾದೀತು. ಅಂಥ ಹಿರಿಯರಾದ ಮಾನ್ಯ ಆರ್ಟೆಮಸ್ ಹಾಯ್ಟರು ಹದಿನೆಂಟು ವರ್ಷಗಳ ಸೇವೆಯ ತರುವಾಯ, ಎಪ್ಪತ್ತು ತುಂಬಿದ ಈ ೧೮೮೮ರ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ. ಸದನದಲ್ಲಿ ಮಸೂದೆಗಳನ್ನು ಓದುವ ಗುಮಾಸ್ತನಾದ ನನಗೆ ಹೊಗಳುಭಟನ ಕೆಲಸ ಬಾರದು. ಮೂರು ದಿನ ಇವರಿಗೆ ಹಿಡಿಶಾಪ ಹಾಕಿದವನು ನಾನು. ಅದನ್ನು ಮುಚ್ಚಿಟ್ಟು ಬರೆದರೆ ಅಭಿನಂದನೆಯಾಗದು.

ಪೀಪಾಯಿ ಕಟ್ಟುವ ಕಸುಬಿನಿಂದ ಬಂದ ಹಾಯ್ಟರು ಮೆಥಡಿಸ್ಟ್ ಕ್ರೈಸ್ತಸಭೆಯ ಹಿರಿಯರು, ಮಿತಭಾಷಿಗಳು. ಓದಿ ಓದಿ ನನ್ನ ಗಂಟಲು ಕಟ್ಟಿದ ದಿನ, ತಮ್ಮ ಪತ್ನಿ ಫೀಬಿಯವರು ಕಾಯಿಸಿದ ಈರುಳ್ಳಿ ಪಾಕದ ಶೀಶೆಯನ್ನು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ನಡೆದುಹೋಗಿದ್ದರು.

ಅಧಿವೇಶನವು ಗೊತ್ತಾದ ಕೊನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಲೇಬೇಕು. ಕೆಲಸ ಉಳಿದರೆ ಯಾರಾದರೂ ಉದ್ದನೆಯ ಕೋಲಿನಿಂದ ಗಡಿಯಾರದ ಮುಳ್ಳನ್ನು ತಡೆದು, ಇನ್ನೂ ಹನ್ನೆರಡಾಗಿಲ್ಲವೆಂದು ಸದನ ನಡೆಸುವುದು ವಾಡಿಕೆ. ಮೊದಲ ವರ್ಷವೇ ಹಾಯ್ಟರು ಎದ್ದು ಅಡ್ಡಬಂದರು. ಕೋಲು ಹಿಡಿದಿದ್ದ ಸದಸ್ಯ ಡಡ್ಲಿ ಕ್ರೇನ್ ನಕ್ಕು, "ಹಾಯ್ಟಣ್ಣಾ, ಬೈಬಲ್‌ನಲ್ಲಿ ಯೆಹೋಶುವ ಸೂರ್ಯನ್ನೇ ನಿಲ್ಸಿದ್ದ. ನಾವು ಬರೀ ಮುಳ್ಳು ನಿಲ್ಸ್ತೀವಪ್ಪ!" ಎಂದ.

"ಅವನಿಗೆ ದೇವರ ಅಪ್ಪಣೆ ಇತ್ತು ಕಣಯ್ಯ. ನಿಂಗೆ ಯಾರ್ದಿದೆ?"

ಸದನ ನಕ್ಕಿತು, ಕೋಲು ಮೂಲೆ ಸೇರಿತು.

೧೮೭೮ರ ಮಾತಿಗೆ ಬರುತ್ತೇನೆ. ಗಂಟಲಮಾರಿಯಿಂದ ಒಂದೇ ವಾರದಲ್ಲಿ ಇಬ್ಬರು ಮಕ್ಕಳನ್ನು ಮಣ್ಣು ಮಾಡಿದ ನನ್ನ ಅಕ್ಕ ಲವೀನಿಯಾಳಿಗೆ ಬುದ್ಧಿಭ್ರಮಣೆಯಾಗಿ, ಅವಳನ್ನು ದಿಕ್ಕಿಲ್ಲದವರನ್ನಿಡುವ ಜಿಲ್ಲೆಯ ಬಡವರ ಮನೆಯ ಹಿಂಗೋಣೆಯಲ್ಲಿ ಸರಪಳಿ ಹಾಕಿ ಇಟ್ಟಿದ್ದರು. ಬಾಡಿಗೆ ಕೋಣೆಯ ಒಂಟಿಗನಾದ ನನಗೆ ಅವಳನ್ನು ಕರೆತರುವ ಧೈರ್ಯವಾಗಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ. ಅಂಥವರ ಸರಪಳಿ ಬಿಚ್ಚಿಸಿ ಆಸ್ಪತ್ರೆಗೆ ಸೇರಿಸುವ ಮಸೂದೆಯನ್ನು ಹಾಯ್ಟರು ತಂದರು. ಕೊನೆಯ ದಿನ ವಿರೋಧಿಗಳು ಬೇಕೆಂದೇ ಮಾತು ಎಳೆದರು. ಹನ್ನೆರಡಕ್ಕೆ ಎರಡು ನಿಮಿಷವಿರುವಾಗ ಕ್ರೇನ್ ಕೋಲೆತ್ತಿದ.

"ಇದೊಂದ್ಸಲ ಸುಮ್ನಿರಿ ಹಾಯ್ಟಣ್ಣಾ, ನಿಮ್ದೇ ಮಸೂದೆ!"

ಹಾಯ್ಟರು ನನ್ನತ್ತ ನೋಡಿದರು. ಅಕ್ಕನ ಸಂಗತಿ ಅವರಿಗೆ ಗೊತ್ತಿತ್ತು.

"ಇಳಿಸು ಕ್ರೇನ್. ಬೇರೆಯವರಿಗೆ ಬೇಡ ಅಂದೋನು ನಂದಕ್ಕೆ ಹೇಗೆ ಹೂಂ ಅನ್ನಲಿ?" ಎಂದರು.

ಹನ್ನೆರಡು ಹೊಡೆಯಿತು. ಮಸೂದೆ ಸತ್ತಿತು. ಹೊರಗೆ ಅವರನ್ನು ತಡೆದು ನಿಲ್ಲಿಸಿ, "ನಿಮ್ ಸತ್ಯ ನೀವೇ ಇಟ್ಕೊಳ್ಳಿ! ಸರಪಳಿ ಇರೋದು ನಮ್ಮಕ್ಕನ ಕಾಲಲ್ಲಿ!" ಎಂದು ಕೂಗಾಡಿದೆ. ಅವರು ತಲೆತಗ್ಗಿಸಿ ಹೊರಟುಹೋದರು.

ಮೂರನೆಯ ದಿನ ಬಡವರ ಮನೆಗೆ ಹೋದರೆ ಕೋಣೆ ಖಾಲಿ. ಕಾವಲುಗಾರನನ್ನು ಕೇಳಿದೆ. ಹಾಯ್ಟರು ರಾಜಧಾನಿಯಿಂದ ನೇರವಾಗಿ ಬಂದು, ಜವಾಬ್ದಾರಿಗೆ ರುಜು ಹಾಕಿ, ಅಕ್ಕನನ್ನು ತಮ್ಮ ಬಂಡಿಯಲ್ಲಿ ಮನೆಗೆ ಕರೆದೊಯ್ದಿದ್ದರು! ನಾನು ಓಡೋಡಿ ಹೋದಾಗ ಫೀಬಿಯವರು ಅವಳ ತಲೆ ಬಾಚುತ್ತಿದ್ದರು. ನನಗೆ ಅಳು ಬಂತು.

ಎರಡು ವರ್ಷದ ನಂತರ ಅದೇ ಮಸೂದೆ ಹಗಲು ಬೆಳಕಿನಲ್ಲಿ, ಕೋಲಿನ ನೆರವಿಲ್ಲದೆ ಕಾನೂನಾಯಿತು. "ಇನ್ನು ಅಕ್ಕನ್ನ ಆಸ್ಪತ್ರೆಗೆ ಸೇರಿಸ್ಲಾ ಅಮ್ಮಾ?" ಎಂದು ಕೇಳಿದ್ದಕ್ಕೆ ಫೀಬಿಯವರು, "ನಮ್ಮನೆಯವಳನ್ನ ಎಲ್ಲಿಗಯ್ಯಾ ಕಳಿಸ್ತೀಯ?" ಎಂದು ಗದರಿದರು.

ಆ ಮನೆಯ ಗೋಡೆಯ ಗಡಿಯಾರ ನಾಲ್ಕೂಕಾಲಿಗೆ ನಿಂತಿದೆ. ಕೆಟ್ಟಿದೆಯೇನೋ ಎಂದು ಒಮ್ಮೆ ಕೇಳಿದ್ದೆ. ಹಾಯ್ಟರು ಮುಜುಗರಪಟ್ಟುಕೊಂಡು, "ಟಿಕ್‌ಟಿಕ್ ಕೇಳಿದ್ರೆ ಲವೀನಿಯಾ ಬೆಚ್ಚಿಬೀಳ್ತಾಳೆ. ಬಂದ ದಿನವೇ ನಾನೇ ನಿಲ್ಸಿದೆ. ಇದು ನನ್ನ ಗಡಿಯಾರ ತಾನೇ?" ಎಂದರು.

ಪೂಜ್ಯರ ಕೈಗೆ ಕಸುಬೂ ಕಸುವೂ ಉಳಿಯಲಿ. ದೇವರು ಆ ದಂಪತಿಗಳನ್ನು ನೂರು ಕಾಲ ಬಾಳಿಸಲಿ. ಅಲ್ಲಿಯವರೆಗೂ ಆ ಗಡಿಯಾರ ಹಾಗೆಯೇ ನಿಂತಿರಲಿ.