ಅಣ್ಣ ನೋಡಿದ ಊರು

"ಸತ್ತವನ ಹೆಸರಿನ್ಯಾಗ ಓದಿದಾಂವ ಎಂದೂ ಪಾಸಾಗೂದಿಲ್ಲ" ಎಂದವರು ನನ್ನ ಕಾಕಾ. ಕಮಲಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಅಡಿಕೆ ಕತ್ತರಿಸುತ್ತ, ನಾಲ್ಕು ಮಂದಿಯ ಎದುರಿಗೇ ಅಂದರು. ನಮ್ಮ ಮನೆತನದಲ್ಲಿ ಬಿ.ಎ. ಮಾಡಿದವರಲ್ಲಿ ನಾನೇ ಮೊದಲನೆಯವ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಕಾಕಾನ ಆ ಮಾತು ಎಷ್ಟೋ ವರ್ಷ ನನ್ನ ಬೆನ್ನ ಹಿಂದೆಯೇ ನಡೆಯಿತು.

ಕಲಬುರಗಿಯ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದವನು ನನ್ನ ಅಣ್ಣ. ಅವನಿಗೆ ಫೀಸು ಮಾಫಿ ಆಗಿತ್ತು. ದೊಡ್ಡ ಜ್ವರ ಬಂದ ವರ್ಷ ರಜೆಗೆ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಅವನನ್ನು ಮಣ್ಣು ಮಾಡಿ ತಿಂಗಳಾಗಿರಲಿಲ್ಲ, ಅಪ್ಪ ನನ್ನನ್ನು ಗಾಡಿ ಹತ್ತಿಸಿದ. ಮಾಫಿ ಇದ್ದದ್ದು ಅಣ್ಣನ ಹೆಸರಿಗೆ. ಹೊಸ ಹೆಸರಿಗೆ ಸಿಗುವ ಭರವಸೆ ಇರಲಿಲ್ಲ.

"ಅವನ ಹೆಸರು ಕರೀತಾರ. ಹಾಜರ್ ಅನ್ನು. ಬ್ಯಾರೆ ಏನೂ ಅನಬ್ಯಾಡ" ಎಂದ ಅಪ್ಪ, ಎತ್ತುಗಳ ಕಡೆ ನೋಡುತ್ತ.

ನಮ್ಮಿಬ್ಬರಿಗೆ ಒಂದೂವರೆ ವರ್ಷದ ಅಂತರ, ಮುಖ ಒಂದೇ. ಜ್ವರದಲ್ಲಿ ಹಳೆಯ ಮಾಸ್ತರರೂ ಹೋಗಿದ್ದರು, ಅರ್ಧ ಹುಡುಗರು ಬಂದಿರಲಿಲ್ಲ. ಹಾಜರ್ ಅಂದೆ. ಯಾರೂ ತಲೆ ಎತ್ತಿ ನೋಡಲಿಲ್ಲ.

ಸಿಕ್ಕಿಬಿದ್ದರೆ ಓದು ಅಲ್ಲಿಗೇ ಮುಗಿಯುತ್ತಿತ್ತು. ಆ ಹೆದರಿಕೆ ದಿನವೂ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದು: ಹೇಗೋ ಪಾಸಾದರೂ ಪಾಸಾಗುವವನು ನಾನೋ, ಅವನೋ?

ಆಗ ನಿಜಾಮರ ಆಳ್ವಿಕೆ, ಶಾಲೆಗೆ ಶುಕ್ರವಾರ ರಜೆ. ಜೇಬು ಖಾಲಿ ಇದ್ದವನಿಗೆ ಊರು ನೋಡುವುದೇ ಮೋಜು. ಕಲಬುರಗಿ ಯಾರನ್ನೂ ಕಾಸು ಕೇಳುತ್ತಿರಲಿಲ್ಲ. ಮೋಮಿನಪುರದ ನನ್ನ ಕೋಣೆಯಿಂದ, ಮಗ್ಗಗಳ ಸದ್ದು ದಾಟಿ ಹೊರಟರೆ ಸಂಜೆಯವರೆಗೆ ನಡೆಯುತ್ತಿದ್ದೆ. ಆದರೆ ನಾನು ನೋಡಿದ ಜಾಗವನ್ನೆಲ್ಲ ಅಣ್ಣ ಮೊದಲೇ ನೋಡಿದ್ದ, ಊರಿಗೆ ಬಂದಾಗ ನನಗೆ ಹೇಳಿದ್ದ. ಕೋಟೆಯೊಳಗಿನ ಮಸೀದಿಗೆ ಅಂಗಳವಿಲ್ಲ, ಬರೀ ಕಮಾನುಗಳು, ಒಂದರಲ್ಲಿ ನಿಂತರೆ ಇನ್ನೊಂದು ಕಾಣುತ್ತದೆ ಎಂದಿದ್ದ. ಹಾಗೇ ಇತ್ತು. ಆ ಸಾಲಿನ ಕೊನೆಯಲ್ಲಿ ಯಾರೋ ಆಗಷ್ಟೇ ಪಕ್ಕಕ್ಕೆ ಸರಿದಂತೆ ಆಯಿತು. ಹೋಗಿ ನೋಡಿದೆ. ಬಿಸಿಲು ಬಿದ್ದಿತ್ತು, ಅಷ್ಟೇ.

ದರ್ಗಾದ ಬಾಗಿಲಲ್ಲಿ ಚಪ್ಪಲಿ ಕಾಯುವ ಮುದುಕಿ ನನ್ನನ್ನು ಕಂಡು, "ಕಿತ್ತೇ ದಿನಾಂ ಕೂ ಆಯಾ ರೇ ಬೇಟಾ" ಎಂದಳು. ಎಷ್ಟು ದಿನಕ್ಕೆ ಬಂದಿ ಮಗನೇ, ಅಂತ. ನನ್ನನ್ನು ಅಣ್ಣನೆಂದೇ ತಿಳಿದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಶರಣರ ಗುಡಿಯ ದಾಸೋಹದಲ್ಲಿ ಬಡಿಸುವ ಹಿರಿಯರು ಮಜ್ಜಿಗೆಯ ಸೌಟನ್ನು ನನ್ನ ಎಲೆಯ ಮೇಲೆ ತಂದು ತಡೆದರು.

"ನಿನಗ ಮಜ್ಜಿಗಿ ಆಗೂದಿಲ್ಲ ಅಲ್ಲೇನೋ?"

ನನಗೆ ಮಜ್ಜಿಗೆ ಅಂದರೆ ಪ್ರಾಣ. "ಆಗೂದಿಲ್ರೀ" ಅಂದೆ. ಆಮೇಲೆ ಅಲ್ಲಿ ಎಂದೂ ಮಜ್ಜಿಗೆ ಕುಡಿಯಲಿಲ್ಲ.

ಒಂದು ಶುಕ್ರವಾರ ತರಗತಿಯ ಗೆಳೆಯನೊಬ್ಬನ ಜೊತೆ ಕೋಟೆಯ ಮೇಲಿನ ಉದ್ದನೆಯ ಫಿರಂಗಿ ನೋಡಲು ಹತ್ತಿದೆ. ಪಕ್ಕದ ಗೋಡೆಯ ಗಾರೆಯಲ್ಲಿ ಯಾರೋ ಮೊಳೆಯಿಂದ ಹೆಸರು ಕೊರೆದಿದ್ದರು.

"ಏ, ನಿನ್ನ ಹೆಸರು ನೋಡಲೇ ಇಲ್ಲಿ. ಯಾವಾಗ ಕೊರದಿ?" ಎಂದ ಗೆಳೆಯ.

"ಹ್ವಾದ ವರ್ಷ."

"ಮತ್ತ ಬರೂವಾಗ ದಾರಿ ಗೊತ್ತಿಲ್ಲ ಅಂದಿ. ಭಾರಿ ನಾಟಕದಾಂವ ಅದಿ ಬಿಡು."

ಅವನು ನಗುತ್ತಿದ್ದ. ನಾನು ಅಕ್ಷರಗಳ ಮೇಲೆ ಬೆರಳಾಡಿಸಿದೆ. ಅಣ್ಣನ ಕೈಯೇ, ಕೊನೆಯ ಅಕ್ಷರ ಕೆಳಗೆ ಜಾರುವುದೂ ಅವನದೇ. ಇಷ್ಟು ಎತ್ತರಕ್ಕೆ ಒಬ್ಬನೇ ಬಂದು, ಬೇಡವೆಂದರೂ ಉಳಿಯುವ ಹಾಗೆ ಕೊರೆದು ಹೋಗಿದ್ದ. ಅಂದಿನಿಂದ ನಾನು ಊರು ನೋಡುವುದನ್ನೇ ಬಿಟ್ಟೆ. ಶುಕ್ರವಾರಗಳನ್ನು ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಉರ್ದು ಗಣಿತದ ಪುಸ್ತಕದ ಮುಂದೆ ಕಳೆದೆ. ಮಾತೃಭಾಷೆಯಲ್ಲದ ಭಾಷೆಯಲ್ಲಿ ಲೆಕ್ಕ ಬಿಡಿಸುವಾಗ ಸತ್ತವರು ಹತ್ತಿರ ಬರುವುದಿಲ್ಲ, ಅದಕ್ಕೆ ಅವರಿಗೂ ಪುರಸೊತ್ತು ಇರುವುದಿಲ್ಲ ಅಂದುಕೊಳ್ಳುತ್ತಿದ್ದೆ.

ಮೆಟ್ರಿಕ್ ಆಯಿತು. ಹೈದರಾಬಾದಿನ ಕಾಲೇಜಿನಲ್ಲಿ ಒಂದು ಸಲ ನಪಾಸಾದೆ. ಕಾಕಾನ ಮಾತೇ ನಿಜವಾಯಿತೆಂದು ಒಂದು ವಾರ ಅನ್ನ ಇಳಿಯಲಿಲ್ಲ. ಮರುವರ್ಷ ಮತ್ತೆ ಕೂತು ಪಾಸಾದೆ.

ಬಿ.ಎ. ಸನದು ಹಿಡಿದು ಊರಿಗೆ ಬಂದಾಗ ಅವ್ವ ಮೊರದಲ್ಲಿ ತೊಗರಿ ಕೇರುತ್ತಿದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಕೈಗೆ ಕೊಟ್ಟೆ. ಓದು ಬಾರದವಳು ಹಾಳೆಯನ್ನು ಬಹಳ ಹೊತ್ತು ನೋಡಿದಳು.

"ಇದರಾಗ ಯಾರ ಹೆಸರು ಐತಿ?"

"ಅಣ್ಣಂದ ಐತವ್ವ."

ಅವಳು ಅಳಲಿಲ್ಲ. ಹಾಳೆಯನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದೇ ಹೇಳಿದಳು:

"ಅಂವ ಇದ್ದಿದ್ರ ಇನ್ನೂ ಊರು ನೋಡಕೋಂತನ ತಿರಗತಿದ್ದ. ಅವಂಗ ಕುಂತು ಓದೂದು ಆಗತಿರಲಿಲ್ಲಪಾ, ಹೆತ್ತಾಕಿಗೆ ಗೊತ್ತಿಲ್ಲೇನು? ಹೆಸರು ಯಾರದರ ಇರಲಿ. ಪಾಸಾದಾಂವ ನೀನ."