ಪೀಠಕ್ಕೆ ಹಿಡಿದ ಯಂತ್ರ

ಲೋಹದಲ್ಲಿ ಏನೇನು ಬೆರೆತಿದೆ ಎಂದು ನೋಡುವುದು ನನ್ನ ಕೆಲಸ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರವೊಂದಿದೆ. ಜನ ಅದನ್ನು ಕಣಿ ಹೇಳುವವಳನ್ನು ನೋಡಿದಂತೆ ನೋಡುತ್ತಾರೆ.

ಆಂಧ್ರದ ಗಡಿಯಲ್ಲಿ, ಹಾಲಹರವಿ ಕಡೆಯ ಆ ಹಳ್ಳಿಗೆ ನನ್ನನ್ನು ಕರೆಸಿದ್ದು ಊರ ಹಿರಿಯರು. ಗುಡಿಯ ಹಳೆಯ ಉತ್ಸವಮೂರ್ತಿಯನ್ನು ಅರ್ಚಕರಾದ ಆಚಾರ್ಯರು ಮಾರಿಕೊಂಡು, ಅಂಗಡಿಯ ಹಿತ್ತಾಳೆ ಮೂರ್ತಿ ಇಟ್ಟಿದ್ದಾರೆಂದು ಗುಸುಗುಸು ಎದ್ದಿತ್ತು. ನಿಜವಾದರೆ ತಲೆಮಾರುಗಳಿಂದ ಬಂದ ಪೂಜೆ ಅವರ ಮನೆಯಿಂದ ಹೋಗುತ್ತಿತ್ತು. ಗುಡಿಯ ಬೀಗದ ಕೈಯನ್ನು ಆಗಲೇ ಜಗಲಿಯ ಮೇಲೆ ಇಡಿಸಿದ್ದರು.

ಆಚಾರ್ಯರು ಮೂರ್ತಿಯನ್ನು ತಾವೇ ಎತ್ತಿ ತಂದರು. ಬೇರೆಯವರು ಮುಟ್ಟುವಂತಿಲ್ಲ. "ಸ್ವಾಮಿ ಮೈಗೆ ಬ್ಯಾಡಮ್ಮಾ, ಪೀಠಕ್ಕ ಹಿಡೀರಿ," ಎಂದರು.

ನಾನು ಹಿಡಿದೆ. ಹಿಡಿಯಬಾರದಿತ್ತು. ಪೀಠವನ್ನು ಆಮೇಲೆ ಮಾಡಿಸಿ ಬೆಸೆದಿರಬಹುದು ಎಂಬಷ್ಟು ಬುದ್ಧಿ ನನಗಿತ್ತು. ಮಡಿಯವರ ಮನಸ್ಸು ನೋಯಿಸಬಾರದೆಂದು ತೆಪ್ಪಗಾದೆ. ತೆರೆಯ ಮೇಲೆ ಸತುವು ಹೇರಳವಾಗಿ ಬಂತು. ಹೊಸ ಹಿತ್ತಾಳೆ. ಹೆಗಲ ಮೇಲಿಂದ ಇಣುಕುತ್ತಿದ್ದವನೊಬ್ಬ ಅದನ್ನು ಓದಿ, ಹಿತ್ತಾಳೆ ಎಂದು ತೆಲುಗಿನಲ್ಲಿ ಕೂಗಿಬಿಟ್ಟ. ಜನ ಜಗಲಿಗೆ ಮುತ್ತಿದರು.

ಇದು ಪೀಠದ್ದು, ಮೂರ್ತಿಯದಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಮೈಯನ್ನೇ ನೋಡಬೇಕು, ಅದೂ ಎಣ್ಣೆ, ಹುಣಸೆಹುಳಿ ತಿಕ್ಕಿ ತಿಕ್ಕಿ ಮೇಲ್ಪದರ ನಂಬುವಂತಿಲ್ಲ, ಸಾಸಿವೆಯಷ್ಟು ಜಾಗವನ್ನು ಸೂಜಿಯಿಂದ ಕೆರೆಯಬೇಕು ಎಂದೆ. ಎಲ್ಲರೂ ಆಚಾರ್ಯರ ಮುಖ ನೋಡಿದರು.

ಅವರು ಸೂಜಿಗೆ ಕೈ ಚಾಚಿದರು. ಮೂರ್ತಿಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಬೆನ್ನ ಕೆಳಗೆ ಕೆರೆದರು. ಕೆರೆದ ಜಾಗಕ್ಕೆ ನಾನು ಯಂತ್ರ ಹಿಡಿದೆ.

ತಾಮ್ರ, ತವರ, ಸೀಸ. ಸತುವು ಹೆಸರಿಗೆ ಮಾತ್ರ. ಅಂಗಡಿಯ ಹಿತ್ತಾಳೆ ಅಲ್ಲವೇ ಅಲ್ಲ. ನನಗೆ ಅಳು ಬಂತು.

ಎಲ್ಲರಿಗಿಂತ ಮುಂದಾಗಿ ಅನುಮಾನ ಪಟ್ಟಿದ್ದ, ಕುರಿ ಸಾಕುವ ಹಿರಿಯರು ಬೀಗದ ಕೈ ಎತ್ತಿಕೊಂಡು ಬಂದರು. "ತಪ್ಪಾತ್ರಿ ಆಚಾರ್ರ. ತಗೋರಿ."

ಆಚಾರ್ಯರು ತಗೊಳ್ಳಲಿಲ್ಲ. "ಸ್ವಾಮಿಗೆ ಸೂಜಿ ಹಾಕಿದ ಕೈ ಇದು, ಇನ್ನ ಪೂಜಿ ಮಾಡಂಗಿಲ್ಲ. ನನ್ನ ತಮ್ಮಗ ಕೊಡ್ರಿ."

ಮೊದಲು ಪೀಠಕ್ಕೆ ಹಿಡಿದದ್ದು ನನ್ನ ತಪ್ಪು ಎಂದು ವರದಿಯಲ್ಲಿ ಬರೆದೆ. ಅದನ್ನು ಗುಡಿಯ ಗೋಡೆಗೆ ಅಂಟಿಸಿದ್ದಾರೆ. ಹೋದ ತಿಂಗಳು ಆ ದಾರಿಯಲ್ಲಿ ಹೋದಾಗ ಆಚಾರ್ಯರ ತಮ್ಮ ಗುಡಿಯೊಳಗೆ ಮಂಗಳಾರತಿ ಎತ್ತುತ್ತಿದ್ದರು. ಆಚಾರ್ಯರು ಹೊಸ್ತಿಲಾಚೆ, ಊರವರ ಸಾಲಿನಲ್ಲಿ, ಕೈಮುಗಿದು ನಿಂತಿದ್ದರು.